ಮೈಗಳ್ಳ ಅಂತ ಬರೆದವನು

ನೋಲನ್ ಫಾಂಟನೋಗೆ ಮಾತು ಕಡಿಮೆ, ಹಟ ಜಾಸ್ತಿ. ಅಮೆರಿಕದ ಲೂಸಿಯಾನಾ ರಾಜ್ಯದ ತೆಂಕಣ ತುದಿಯಲ್ಲಿ, ಜೌಗು ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಯಿತು ಎಂದು ಅಲ್ಲಿ ಹುಟ್ಟಿದವರಿಗೇ ಸರಿಯಾಗಿ ತಿಳಿಯದ ಊರಿನವನು. ಅಪ್ಪ ಸೀಗಡಿ ಹಿಡಿಯುವ ದೋಣಿ ಇಟ್ಟಿದ್ದ. ಮಗನೂ ಅದನ್ನೇ ಹತ್ತಬೇಕಿತ್ತು. ಆದರೆ ಹೈಸ್ಕೂಲಿನಲ್ಲಿ ಫುಟ್‌ಬಾಲ್ ಹುಚ್ಚು ಹಿಡಿಯಿತು, ಕಾಲೇಜಿನಲ್ಲಿ ಮಂಡಿ ಮುರಿಯಿತು, ಹುಚ್ಚು ಮಾತ್ರ ಬಿಡಲಿಲ್ಲ. ಆಡಲು ಆಗದ ಮೇಲೆ ಆಡುವವರನ್ನು ನೋಡಿ ಬೆಲೆ ಕಟ್ಟುವ ಕೆಲಸಕ್ಕೆ ಸೇರಿಕೊಂಡ. ಅಂಥವರನ್ನು ಸ್ಕೌಟ್ ಅನ್ನುತ್ತಾರೆ. ಉತ್ತರದ ಚಳಿ ಊರಿನ ಒಂದು ವೃತ್ತಿಪರ ತಂಡಕ್ಕಾಗಿ ಇಪ್ಪತ್ತು ವರ್ಷಕ್ಕೂ ಮೇಲೆ ಅವನು ದಕ್ಷಿಣದ ಕಾಲೇಜುಗಳನ್ನು ಕಾರಿನಲ್ಲಿ ಸುತ್ತಿದ.

ಹೆಣ್ಣು ನೋಡಲು ಹೋದವರ ಹಾಗೆ ಈ ಸ್ಕೌಟುಗಳೂ ನಗುನಗುತ್ತಾ ಬರುತ್ತಾರೆ, ಕೊಟ್ಟದ್ದನ್ನು ತಿನ್ನುತ್ತಾರೆ, ಹುಡುಗನ ಎತ್ತರ, ತೋಳು, ಅಂಗೈ ಎಲ್ಲ ಅಳೆದುಕೊಳ್ಳುತ್ತಾರೆ, ಊರಿಗೆ ಹೋಗಿ ಹೆಸರಿಡುತ್ತಾರೆ. ಏಪ್ರಿಲ್ ಕೊನೆಯಲ್ಲಿ ಡ್ರಾಫ್ಟ್ ನಡೆಯುತ್ತದೆ. ಮೂರು ದಿನ ಎಲ್ಲ ತಂಡಗಳೂ ಸರದಿಯ ಮೇಲೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ಮೊದಲ ದಿನ ಹೆಸರು ಬಂದವನ ಮೂರು ತಲೆಮಾರು ಕೂತು ಉಣ್ಣಬಹುದು. ಮೂರನೇ ದಿನವೂ ಹೆಸರು ಬರದಿದ್ದವನು ಸೋಮವಾರ ಯಾವುದಾದರೂ ಗೋದಾಮಿನಲ್ಲಿ ಕೆಲಸ ಕೇಳಲು ಹೋಗುತ್ತಾನೆ.

ಈ ಆಟದಲ್ಲಿ ಚೆಂಡನ್ನು ಒದೆಯುವುದಕ್ಕಿಂತ ಬಗಲಲ್ಲಿ ಅವುಚಿಕೊಂಡು ಓಡುವುದೇ ಹೆಚ್ಚು. ಓಡುವವನನ್ನು ಹಿಡಿದು ನೆಲಕ್ಕೆ ಕೆಡವುವವರು ಡಿಫೆನ್ಸ್‌ನವರು. ನೋಲನ್ ನೋಡುತ್ತಿದ್ದುದು ಅವರನ್ನೇ. ಅದರಲ್ಲೂ ಅವನದೊಂದು ರೀತಿ ಇತ್ತು. ಲೋಕವೆಲ್ಲ ಚೆಂಡು ಇರುವ ಕಡೆ ನೋಡಿದರೆ ಇವನು ಚೆಂಡಿಗೆ ದೂರವಿದ್ದವರನ್ನು ನೋಡುತ್ತಿದ್ದ. ಚೆಂಡು ಆಚೆ ಬದಿಗೆ ಹೋದಾಗ ಈಚೆ ಬದಿಯವನು ಅಟ್ಟಿಸಿಕೊಂಡು ಹೋಗುತ್ತಾನೋ, ಇಲ್ಲಾ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾನೋ? ನಿಂತರೆ ಅವನ ಹೆಸರಿನ ಮುಂದೆ ಒಂದು ಗೀಟು. ಗೀಟು ಜಾಸ್ತಿಯಾದರೆ ಅವನು ಮೈಗಳ್ಳ. ಬಲ ಕಡಿಮೆಯಿದ್ದರೆ ಬೆಳೆಸಬಹುದು, ಆಟ ಬರದಿದ್ದರೆ ಕಲಿಸಬಹುದು, ಮೈಗಳ್ಳನನ್ನು ಮಾತ್ರ ಏನೂ ಮಾಡಲು ಬರುವುದಿಲ್ಲ ಎಂದು ನೋಲನ್ ಗಟ್ಟಿಯಾಗಿ ನಂಬಿದ್ದ. ತಂಡದ ಕಚೇರಿಯಲ್ಲೂ ಅವನ ಗೀಟಿಗೆ ಬೆಲೆಯಿತ್ತು.

ಆ ವರ್ಷ ಅಕ್ಟೋಬರಿನಲ್ಲಿ ಅವನು ಟೆನ್ಸಾ ಸ್ಟೇಟ್ ಎಂಬ ಸಣ್ಣ ಕಾಲೇಜಿಗೆ ಹೋದ. ಹತ್ತಿ ಹೊಲಗಳ ನಡುವಿನ ಬಡ ಕಾಲೇಜು. ಅಲ್ಲಿ ಡಿಫೆನ್ಸ್‌ನ ಅಂಚಿನಲ್ಲಿ ಆಡುವ ಜವೋರಿಸ್ ಗಿಲರಿ ಎಂಬ ಹುಡುಗನಿದ್ದ. ಉದ್ದ ತೋಳು, ಅಗಲ ಬೆನ್ನು, ಅಷ್ಟು ದೊಡ್ಡ ಮೈಗೆ ಒಪ್ಪದಷ್ಟು ಹಗುರವಾದ ಕಾಲು. ಅವನ ಕಡೆಗೇ ಚೆಂಡು ಬಂದಾಗ ಎದುರಿನವನನ್ನು ಬಾಗಿಲು ತಳ್ಳಿದ ಹಾಗೆ ತಳ್ಳಿ ಒಳಗೆ ಹೋಗುತ್ತಿದ್ದ. ನೋಲನ್ ಖುಷಿಯಾಗಿ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕಾಲೇಜಿನ ಕತ್ತಲೆ ಕೋಣೆಯಲ್ಲಿ ಆಟದ ವಿಡಿಯೊಗಳನ್ನು ಒಂದೊಂದಾಗಿ ಹಾಕಿದ. ಆಗ ಕಂಡಿತು. ಚೆಂಡು ಆಚೆ ಬದಿಗೆ ಹೋದರೆ ಈ ಹುಡುಗ ಎರಡು ಹೆಜ್ಜೆ ಇಟ್ಟು ನಿಂತುಬಿಡುತ್ತಿದ್ದ. ಒಂದು ಸಲವಾದರೆ ಸುಸ್ತು ಅನ್ನಬಹುದು. ಪ್ರತಿ ಆಟದಲ್ಲೂ ಅದೇ. ಉಳಿದವರೆಲ್ಲ ಬಿದ್ದೆದ್ದು ಓಡುತ್ತಿದ್ದರೆ ಇವನು ಬಸ್ಸು ಕಾಯುವವನ ಹಾಗೆ ನಿಂತಿರುತ್ತಿದ್ದ. ನೋಲನ್ ಗೀಟು ಹಾಕಿ ಹಾಕಿ ಬೇಜಾರಾಗಿ ಪೆನ್ನು ಕೆಳಗಿಟ್ಟ.

ಆದರೂ ಕೇಳದೆ ಬರೆಯುವವನಲ್ಲ. ಹುಡುಗನನ್ನು ಕರೆಸಿ ವಿಡಿಯೊ ನಿಲ್ಲಿಸಿ ತೋರಿಸಿದ.

"ಇಲ್ನೋಡು. ನಿನ್ನ ಜೊತೆಯವ್ರೆಲ್ಲ ಓಡ್ತಿದಾರೆ. ನೀನ್ಯಾಕೆ ನಿಂತೆ?"

ಜವೋರಿಸ್ ನೆಟ್ಟಗೆ ಕೂತಿದ್ದ. ಕಣ್ಣು ತಪ್ಪಿಸಲಿಲ್ಲ.

"ಏನೂ ನೆಪ ಇಲ್ಲ ಸರ್. ನಂದೇ ತಪ್ಪು."

"ಇಲ್ಲೂ ನಿಂತಿದೀಯ."

"ಹೌದು ಸರ್. ಅದೂ ನಂದೇ."

"ಸುಸ್ತಾಗಿತ್ತಾ? ಹುಷಾರಿರ್ಲಿಲ್ವಾ?"

"ಇಲ್ಲ ಸರ್. ಮೈ ಚೆನ್ನಾಗೇ ಇತ್ತು."

ನೆಪ ಹೇಳುವವರನ್ನು ಕಂಡರೆ ನೋಲನ್‌ಗೆ ಆಗುತ್ತಿರಲಿಲ್ಲ. ಗಾಳಿ ಇತ್ತು, ಶೂ ಜಾರಿತು, ಪಕ್ಕದವನು ಕೂಗಲಿಲ್ಲ ಎಂದು ರಾಗ ಎಳೆಯುವ ಹುಡುಗರನ್ನು ಅವನು ಅರ್ಧಕ್ಕೇ ಎಬ್ಬಿಸಿ ಕಳಿಸುತ್ತಿದ್ದ. ಈ ಹುಡುಗನ ಉತ್ತರ ಅವನಿಗೆ ಹಿಡಿಸಿತು. ಹಿಡಿಸಿದ್ದಕ್ಕೇ ನಂಬಿದ. ಆ ಸಂಜೆ ವರದಿಯಲ್ಲಿ ಷರಾ ಬರೆದ: ಮೈಗಳ್ಳ, ಕೇಳಿದ್ದಕ್ಕೆ ತಾನೇ ಒಪ್ಪಿಕೊಂಡ, ನಮಗೆ ಬೇಡ. ಉತ್ತರದ ಕಚೇರಿಯಲ್ಲಿ ಒಂದು ದೊಡ್ಡ ಗೋಡೆಯ ಮೇಲೆ ಹುಡುಗರ ಹೆಸರಿನ ಚೀಟಿಗಳನ್ನು ಯೋಗ್ಯತೆಯ ಪ್ರಕಾರ ಮೇಲಿನಿಂದ ಕೆಳಗೆ ಅಂಟಿಸುತ್ತಾರೆ. ಗಿಲರಿಯ ಚೀಟಿ ಕಸಬರಿಕೆ ತಾಗುವಷ್ಟು ಕೆಳಗೆ ಹೋಯಿತು.

ಅಷ್ಟಕ್ಕೇ ನಿಂತಿದ್ದರೆ ಬೇರೆ ಮಾತು. ಬೇರೆ ಬೇರೆ ತಂಡದ ಸ್ಕೌಟುಗಳು ಹೆದ್ದಾರಿಯ ಒಂದೇ ಹೋಟೆಲುಗಳಲ್ಲಿ ಉಳಿದು, ಒಂದೇ ಮೇಜಿನಲ್ಲಿ ಮೀನು ಕರಿದದ್ದು ತಿನ್ನುವವರು. ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ಹೇಳಬಾರದೆಂದು ನಿಯಮವಿದೆ, ಪಾಲಿಸಿದವರನ್ನು ನಾನು ಕಂಡಿಲ್ಲ. ಯಾರೋ ಕೇಳಿದರು, "ಟೆನ್ಸಾ ಹುಡುಗ ಹೇಗೆ ನೋಲನ್?" ಇವನು ಮೀನಿನ ಮುಳ್ಳು ಬಿಡಿಸುತ್ತಾ, "ಕಾಲಿದೆ, ಓಡೋ ಮನಸ್ಸಿಲ್ಲ" ಅಂದ. ಕ್ರಿಸ್‌ಮಸ್ ಹೊತ್ತಿಗೆ ಆ ಮಾತು ಐದಾರು ತಂಡಗಳ ಕಿವಿಗೆ ಬಿದ್ದಿತ್ತು.

ಮಾರ್ಚಿನಲ್ಲಿ ಪ್ರತಿ ಕಾಲೇಜಿನಲ್ಲೂ ಅಳತೆಯ ದಿನ ಬರುತ್ತದೆ. ಸ್ಕೌಟುಗಳು ಗಡಿಯಾರ, ಟೇಪು ಹಿಡಿದು ಸಾಲಾಗಿ ನಿಲ್ಲುತ್ತಾರೆ, ಹುಡುಗರು ಓಡಿ ಹಾರಿ ತೋರಿಸುತ್ತಾರೆ. ನೋಲನ್ ಟೆನ್ಸಾಗೆ ಬೇರೆ ಇಬ್ಬರು ಹುಡುಗರಿಗಾಗಿ ಹೋದ. ರಸ್ತೆ ಖಾಲಿಯಿದ್ದು ಬೇಗ ತಲುಪಿದ್ದರಿಂದ, ಕಾಫಿ ಲೋಟ ಹಿಡಿದು ಡಿಫೆನ್ಸ್ ಕೋಚ್ ರೂಫಸ್ ಡೈಕ್ಸ್‌ನ ಕೋಣೆಗೆ ಇಣುಕಿದ. ಡೈಕ್ಸ್ ದಪ್ಪ ಕಂಠದ ಮುದುಕ. ಹೊಸದಾಗಿ ಸೇರಿದ ಹುಡುಗರನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದ. ಹಿಂದೆ ಕೂತ್ಕೊ ಎಂದು ಕೈಸನ್ನೆ ಮಾಡಿದ.

ಪರದೆಯ ಮೇಲೆ ಜವೋರಿಸ್ ಗಿಲರಿ ಇದ್ದ. ನೋಲನ್‌ಗೆ ಆ ಆಟ ಚೆನ್ನಾಗಿ ನೆನಪಿತ್ತು, ಗೀಟು ಹಾಕಿದ್ದ. ಚೆಂಡು ಆಚೆ ಹೋಯಿತು, ಹುಡುಗ ಎರಡು ಹೆಜ್ಜೆ ಇಟ್ಟು ನಿಂತ. ಡೈಕ್ಸ್ ಅಲ್ಲಿಗೇ ನಿಲ್ಲಿಸಿದ.

"ನೋಡ್ರೋ! ಕಣ್ಬಿಟ್ಟು ನೋಡ್ರಿ! ಹೆಂಗ್ ನಿಂತವ್ನೆ ನೋಡಿ. ಇದು ಕಣ್ರೋ ಆಟ ಅಂದ್ರೆ. ಎಲ್ರೂ ಕುರಿ ಥರ ಚೆಂಡಿನ ಹಿಂದೆ ಓಡ್ತಾ ಇದ್ರೆ ಇವ್ನು ಮನೆ ಕಾಯ್ತವ್ನೆ. ಯಾಕೆ ಕಾಯ್ತವ್ನೆ?"

ಒಬ್ಬ ಹುಡುಗ ಹೆದರುತ್ತಾ ಹೇಳಿದ, "ಚೆಂಡು ತಿರುಗಿ ಬರಬಹುದು ಅಂತ, ಕೋಚ್."

"ಹಾಂ! ಬಂದ್ರೆ ಇಲ್ಲಿ ಯಾರವ್ರೆ? ನಿಮ್ಮಜ್ಜಿ ಇರ್ತಾಳಾ? ಚೆಂಡು ಎರಡೂ ತಂಡ ಎದುರುಬದುರು ನಿಲ್ಲೋ ನಡುಗೆರೆ ದಾಟಿ ಮುಂದೆ ಬರೋವರ್ಗೂ ಈ ಬದಿಯವ್ನು ಕದಲಂಗಿಲ್ಲ. ಕದಲಿದ್ರೆ ಇಡೀ ಸಾಲಿಗೆ ಗುಡ್ಡ ಹತ್ತೋ ಶಿಕ್ಷೆ. ನಾಲ್ಕು ವರ್ಷದಲ್ಲಿ ಜವೋರಿಸ್ ಒಂದ್ಸಲನೂ ಗುಡ್ಡ ಹತ್ಸಿಲ್ಲ ನಮ್ಮನ್ನ."

ನೋಲನ್‌ನ ಬಾಯಲ್ಲಿದ್ದ ಕಾಫಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಪಾಠ ಮುಗಿದು ಹುಡುಗರು ಹೊರಟ ಮೇಲೆ ಅವನು ಎದ್ದು ಡೈಕ್ಸ್‌ನ ಮುಂದೆ ನಿಂತ.

"ಕೋಚ್, ಆ ನಿಯಮ ಯಾವಾಗಿಂದ?"

"ಆಗ್ಲೇ ಎಷ್ಟೋ ವರ್ಷ ಆಯ್ತು. ಒಂದು ದೊಡ್ಡ ಆಟದಲ್ಲಿ ನಮ್ಮೋರೆಲ್ಲ ಆಚೆ ಓಡಿದ್ರು, ಅವ್ರು ಚೆಂಡು ತಿರುಗಿಸ್ಕೊಂಡು ಈಚೆ ಬಂದು ಗೆದ್ಬಿಟ್ರು. ಇನ್ನೂ ಹೊಟ್ಟೆ ಉರೀತದೆ ನಂಗೆ."

"ನಾನು ಅವನನ್ನ ಕೇಳಿದ್ದೆ. ಯಾಕೆ ನಿಂತೆ ಅಂತ. ನಂದೇ ತಪ್ಪು ಅಂದ."

ಡೈಕ್ಸ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅನ್ನಲೇಬೇಕು! ನಾನೇ ಕಲಿಸಿರೋದು. ನೀವು ಸ್ಕೌಟುಗಳು ನೆಪ ಹೇಳೋರನ್ನ ಕಂಡ್ರೆ ಉರ್ಕೊಂಡ್ ಬೀಳ್ತೀರಲ್ಲಯ್ಯಾ. ಅದಕ್ಕೇ ಎಲ್ಲಾ ಹುಡುಗ್ರಿಗೂ ಹೇಳಿದೀನಿ, ಯಾರು ಏನ್ ತೋರ್ಸಿ ಕೇಳಿದ್ರೂ ನಂದೇ ತಪ್ಪು ಅನ್ನು, ಕೋಚ್ ಮೇಲೆ ಹಾಕ್ಬೇಡ ಅಂತ." ಆಮೇಲೆ ನೋಲನ್‌ನ ಮುಖ ನೋಡಿ ಅವನ ನಗು ನಿಂತಿತು. "ಏನ್ ಬರ್ದೆ ನೀನು?"

ನೋಲನ್ ಹೇಳಿದ.

ಮುದುಕ ಪರದೆ ಆರಿಸಿದ. "ನನ್ನನ್ನ ಒಂದ್ ಮಾತು ಕೇಳ್ಬಹುದಿತ್ತಲ್ಲ ನೋಲನ್. ನಾನು ಪಕ್ಕದ್ ಕೋಣೆಲೇ ಇದ್ದೆ."

ಅಂದು ಮೈದಾನದಲ್ಲಿ ಜವೋರಿಸ್ ಓಡಿದ. ಅವನಿಗಾಗಿ ಗಡಿಯಾರ ಹಿಡಿದವರು ಇಬ್ಬರೋ ಮೂವರೋ. ಉಳಿದವರು ನೆರಳಿನಲ್ಲಿ ಫೋನ್ ನೋಡುತ್ತಿದ್ದರು. ಹುಡುಗ ಗೆರೆ ದಾಟಿದಾಗ ಗಡಿಯಾರ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ನಂತರ ಭುಜ ಹಾರಿಸಿದರು. ಓಡಬಲ್ಲ ಸೋಮಾರಿ ಎಂದು ಅವರ ಭಾವನೆ. ಬೆವರು ಒರೆಸಿಕೊಳ್ಳುತ್ತಾ ಹುಡುಗ ನೋಲನ್ ಹತ್ತಿರ ಬಂದು, "ಚೆನ್ನಾಗಿದೀರಾ ಸರ್? ಇಷ್ಟು ದೂರ ಮತ್ತೆ ಬಂದ್ರಲ್ಲ, ಥ್ಯಾಂಕ್ಸ್" ಅಂದ. ನೋಲನ್‌ಗೆ ನಾಚಿಕೆಯಾಯಿತು. ಬದುಕಿನಲ್ಲಿ ಅಷ್ಟು ನಾಚಿಕೆ ಅವನಿಗೆ ಹಿಂದೆಂದೂ ಆಗಿರಲಿಲ್ಲ.

ಮನೆಗೆ ಬಂದವನು ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಜವೋರಿಸ್‌ನ ಎಲ್ಲ ಆಟಗಳನ್ನೂ ಮತ್ತೆ ನೋಡಿದ. ಈಗ ಬೇರೆಯೇ ಕಂಡಿತು. ಹುಡುಗ ನಿಂತಿದ್ದ, ಆದರೆ ಹಿಮ್ಮಡಿ ನೆಲಕ್ಕೆ ಊರಿರಲಿಲ್ಲ. ಚೆಂಡು ನಡುಗೆರೆ ದಾಟಿದ ಕ್ಷಣ ಹಗ್ಗ ಬಿಚ್ಚಿದ ನಾಯಿಯಂತೆ ಹಾರುತ್ತಿದ್ದ. ಎಷ್ಟೋ ಸಲ ಎಲ್ಲರಿಗಿಂತ ತಡವಾಗಿ ಹೊರಟು ಎಲ್ಲರಿಗಿಂತ ಮೊದಲು ತಲುಪಿದ್ದ. ಅದು ಪರದೆಯಲ್ಲೇ ಇತ್ತು. ನಿಂತದ್ದನ್ನು ಕಂಡ ಕೂಡಲೇ ಗೀಟು ಹಾಕಿ ಮುಂದಿನ ಆಟಕ್ಕೆ ಹೋಗಿದ್ದರಿಂದ ನೋಲನ್ ಅದನ್ನು ನೋಡಿರಲಿಲ್ಲ.

ಹೆಂಡತಿ ಅರ್ಲೀನ್ ಒಲೆಯ ಮುಂದೆ ಗಂಬೋ ಸಾರು ಕೈಯಾಡಿಸುತ್ತಿದ್ದಳು. ಗಂಡ ಎಲ್ಲ ಹೇಳಿದ ಮೇಲೆ ಸೌಟು ಕೆಳಗಿಟ್ಟಳು.

"ಈಗೇನ್ ಮಾಡ್ತೀಯ, ಶಾ?" ಪ್ರೀತಿ ಬಂದಾಗಲೂ ಸಿಟ್ಟು ಬಂದಾಗಲೂ ಆ ಕಡೆಯ ಹೆಂಗಸರು ಗಂಡನನ್ನು ಶಾ ಎಂದೇ ಕರೆಯುತ್ತಾರೆ.

"ಡ್ರಾಫ್ಟಿಗೆ ಮುಂಚೆ ಏಪ್ರಿಲ್ ಮೀಟಿಂಗಲ್ಲಿ ಎದ್ದು ಹೇಳ್ತೀನಿ. ನಾನು ಬರೆದದ್ದು ತಪ್ಪು ಅಂತ."

"ನಿನ್ನ ಕೆಲಸದ ಕರಾರು ಕಾಗದ ಮೇ ತಿಂಗಳಿಗೆ ಮುಗಿಯತ್ತೆ ಅಲ್ವಾ? ಆ ಮೀಟಿಂಗ್ ನಡೆಸೋ ಹಿರಿಯ ಮ್ಯಾನೇಜರ್ ತಾನೇ ಅದಕ್ಕೆ ಸಹಿ ಹಾಕ್ಬೇಕಾದ್ದು?"

"ಹೌದು. ಹಾಕದಿದ್ರೆ ಬಿಡ್ಲಿ."

"ಬಿಡ್ಲಿ ಅನ್ನೋದು ಸುಲಭ. ಅಡುಗೆ ಮಾಡೋಳು ನಾನು." ಅವಳು ಸೌಟು ಮತ್ತೆ ಕೈಗೆತ್ತಿಕೊಂಡಳು. "ಆದ್ರೂ ಹೇಳೇ ಹೇಳು. ಹೇಳದೆ ಬಂದ್ರೆ ನಿನ್ನ ಈ ಮುಖ ಬೇಸಿಗೆಯಿಡೀ ನಾನೇ ನೋಡ್ಬೇಕಲ್ಲ."

ಆ ತಂಡದ ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ಪ್ರತಿಯೊಬ್ಬ ಸ್ಕೌಟೂ ವರ್ಷಕ್ಕೆ ಒಬ್ಬನೇ ಒಬ್ಬ ಹುಡುಗನಿಗಾಗಿ ಮೇಜು ಗುದ್ದಬಹುದು. ನಿಜವಾಗಿಯೇ ಮುಷ್ಟಿ ಕಟ್ಟಿ ಗುದ್ದುವುದು. ಗುದ್ದಿದರೆ ಹಿರಿಯ ಮ್ಯಾನೇಜರ್ ಸಹಿತ ಎಲ್ಲರೂ ಬಾಯಿ ಮುಚ್ಚಿಕೊಂಡು ಅವನ ಮಾತು ಪೂರ್ತಿ ಕೇಳಬೇಕು, ವಿಡಿಯೊ ಪೂರ್ತಿ ನೋಡಬೇಕು. ಗುದ್ದಿದವನ ಮಾನವೂ ಆ ಹುಡುಗನ ಜೊತೆಗೇ ಹೋಗುತ್ತದೆ. ನೋಲನ್ ಎಷ್ಟೋ ವರ್ಷ ಗುದ್ದದೆಯೇ ಕಳೆದಿದ್ದ. ಹಿಂದಿನ ವರ್ಷ ಒಬ್ಬನಿಗಾಗಿ ಗುದ್ದಿದ್ದ. ಆ ಹುಡುಗ ಮಳೆಗಾಲದ ಪಟಾಕಿಯ ಹಾಗೆ ಟುಸ್ಸೆಂದಿದ್ದ. ಅದನ್ನು ಯಾರೂ ಮರೆತಿರಲಿಲ್ಲ.

ಹಿರಿಯ ಮ್ಯಾನೇಜರ್ ಗ್ರೆಗರ್ ಸ್ಟ್ರಾಮ್ ಕೆಟ್ಟ ಮನುಷ್ಯನೇನಲ್ಲ. ಒಂದೇ ಒಂದು ರೋಗ, ಮಾತು ಬದಲಿಸುವವರನ್ನು ಕಂಡರೆ ಸಹಿಸುತ್ತಿರಲಿಲ್ಲ. ಶರತ್ಕಾಲದಲ್ಲಿ ಒಂದು, ವಸಂತದಲ್ಲಿ ಇನ್ನೊಂದು ಹೇಳುವ ಸ್ಕೌಟು ಅಳತೆಯ ದಿನದ ಓಟ ನೋಡಿ ಮರುಳಾದವನು ಎಂಬುದು ಅವನ ತೀರ್ಮಾನ.

ನೋಲನ್‌ನ ಸರದಿ ಬಂತು. ಅವನು ಎದ್ದುನಿಂತ. ಮುಷ್ಟಿ ಮೇಜಿಗೆ ಬಿದ್ದ ರಭಸಕ್ಕೆ ಲೋಟಗಳು ಕುಣಿದವು.

"ಜವೋರಿಸ್ ಗಿಲರಿ. ಟೆನ್ಸಾ ಸ್ಟೇಟ್."

ಯಾರೋ ಗೋಡೆಯ ಮೇಲೆ ಚೀಟಿ ಹುಡುಕಿದರು. ಮೇಲಿಂದ ಹುಡುಕಿಕೊಂಡು ಬಂದವರು ಕೊನೆಗೆ ಬಗ್ಗಬೇಕಾಯಿತು. ಟ್ರಿಪ್ ಎಂಬ ಎಳೆಯ ಸ್ಕೌಟು ಕಿಸಕ್ಕನೆ ನಕ್ಕ. "ನೋಲನ್ ಅಣ್ಣಾ, ಇವನನ್ನ ಬೇಡ ಅಂದಿದ್ದು ನೀನೇ ಅಲ್ವಾ? ನಿನ್ನ ವರದಿ ಮೇಲೆ ನೀನೇ ಗುದ್ದುತಿದೀಯಾ?"

"ಹೌದು. ನಾನೇ ಬರೆದೆ, ನಾನೇ ಗುದ್ದುತಿದೀನಿ. ಈಗ ಬಾಯ್ಮುಚ್ಕೊಂಡು ನೋಡು. ಪದ್ಧತಿ ಅದೇ."

ಅವನು ಒಂದೊಂದೇ ಆಟ ಹಾಕಿ ತೋರಿಸಿದ. ನಿಂತದ್ದು ಯಾಕೆಂದು ಹೇಳಿದ, ಗೆರೆ ದಾಟಿದ ಮೇಲೆ ಓಡಿದ್ದು ಹೇಗೆಂದು ತೋರಿಸಿದ, ಡೈಕ್ಸ್‌ನ ನಿಯಮ ವಿವರಿಸಿದ, ಹುಡುಗ ಯಾಕೆ ತಪ್ಪು ತನ್ನ ಮೇಲೆ ಹಾಕಿಕೊಂಡ ಎಂಬುದನ್ನೂ ಬಿಚ್ಚಿಟ್ಟ. ತನ್ನ ಅಕ್ಟೋಬರಿನ ಷರಾವನ್ನು ತಾನೇ ಗಟ್ಟಿಯಾಗಿ ಓದಿದ. ಕೋಣೆಯಲ್ಲಿ ನಗು ಯಾವಾಗಲೋ ನಿಂತಿತ್ತು. ಡಿಫೆನ್ಸ್‌ನ ಮುಖ್ಯ ಕೋಚ್ ಕುರ್ಚಿ ಮುಂದಕ್ಕೆ ಎಳೆದುಕೊಂಡು, "ಆ ಕೊನೇದು ಇನ್ನೊಂದ್ಸಲ ಹಾಕು" ಅಂದ.

ಸ್ಟ್ರಾಮ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ನೋಲನ್, ಕೋಚ್ ಪಕ್ಕದ ಕೋಣೆಲಿದ್ದಾಗ ಹೋಗಿ ಕೇಳೋದು ಈ ಕೆಲಸದ ಮೊದಲ ಪಾಠ. ಹೊಸಬ ಮಾಡಿದ್ರೆ ಬೈದು ಬಿಡ್ತಿದ್ದೆ. ನೀನು ಮಾಡಿದೀಯ. ನಿನ್ನ ಬೇರೆ ವರದಿಗಳನ್ನ ನಾನು ಹೇಗೆ ನಂಬಲಿ?"

"ನಂಬಬೇಡಿ. ಬೇರೆಯವ್ರನ್ನ ಕಳಿಸಿ ನೋಡ್ಸಿ. ಆದ್ರೆ ಇವನನ್ನ ನೀವೇ ಈಗ ಕಣ್ಣಾರೆ ನೋಡಿದೀರಿ."

"ಮೇನಲ್ಲಿ ನಿನ್ನ ಕಾಗದಕ್ಕೆ ನಾನು ಸಹಿ ಹಾಕೋಕಾಗಲ್ಲ. ಇದನ್ನ ಬೇಜಾರಿಂದಲೇ ಹೇಳ್ತಿದೀನಿ."

ಕೋಣೆಯಲ್ಲಿ ಎಲ್ಲರೂ ತಮ್ಮ ಮುಂದಿನ ಹಾಳೆ ನೋಡತೊಡಗಿದರು. ನೋಲನ್‌ಗೆ ಹೀಗಾಗಬಹುದೆಂದು ಗೊತ್ತಿತ್ತು. ಗೊತ್ತಿದ್ದರೂ ಕಿವಿಯಾರೆ ಕೇಳುವುದು ಬೇರೆ. ಅರ್ಧ ಆಯಸ್ಸು ಸವೆಸಿದ ಕೆಲಸ, ಬೇರೆ ಕೆಲಸ ಅವನಿಗೆ ಬರುತ್ತಲೂ ಇರಲಿಲ್ಲ. ಆದರೂ ಕೂರಲಿಲ್ಲ.

"ಆಗ್ಲಿ ಸರ್. ನನ್ನ ವಿಷಯ ಆಮೇಲೆ. ಮೊದಲು ಆ ಚೀಟಿ ಮೇಲಿಡಿ."

"ಇಡೋಣ ಕೂತ್ಕೊ."

"ಇಟ್ಟ ಮೇಲೆ ಕೂರ್ತೀನಿ."

ಸ್ಟ್ರಾಮ್ ಅವನನ್ನೇ ನೋಡಿದ. ಆಮೇಲೆ ತಾನೇ ಎದ್ದು ಹೋಗಿ, ಬಗ್ಗಿ, ಚೀಟಿ ಕಿತ್ತು ನಡುಮಟ್ಟಕ್ಕಿಂತ ಸ್ವಲ್ಪ ಮೇಲೆ ಅಂಟಿಸಿದ. ನೋಲನ್ ಕೂತ.

ಡ್ರಾಫ್ಟ್‌ನ ಮೊದಲ ಎರಡು ದಿನ ಗಿಲರಿಯ ಹೆಸರು ಯಾರೂ ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಮೀನಿನ ಮೇಜಿನ ಆ ಒಂದು ಮಾತು ಎಲ್ಲ ಗೋಡೆಗಳ ಮೇಲೂ ಕೂತಿತ್ತು. ನೋಲನ್ ಆಮೇಲೆ ತಿಳಿದವರಿಗೆಲ್ಲ ಫೋನ್ ಮಾಡಿ ತಪ್ಪು ತಿದ್ದಲು ನೋಡಿದ್ದ. ಅವರೆಲ್ಲ, ಇವನ ತಂಡಕ್ಕೆ ಬೇರೆ ಯಾರೋ ಹುಡುಗ ಬೇಕಾಗಿದ್ದಾನೆ, ನಮ್ಮ ಕಣ್ಣು ಅತ್ತ ಹೋಗದಿರಲಿ ಎಂದು ಏನೋ ಆಟ ಹೂಡಿದ್ದಾನೆ ಎಂದುಕೊಂಡರು. ಮೂರನೇ ದಿನ, ಶನಿವಾರ ಮಧ್ಯಾಹ್ನ, ಕೊನೆಗೆ ಇನ್ನೊಂದೇ ಸುತ್ತು ಉಳಿದಿದ್ದಾಗ ತಂಡದ ಸರದಿ ಬಂತು. ಸ್ಟ್ರಾಮ್ ಗೋಡೆ ನೋಡಿದ, ಡಿಫೆನ್ಸ್ ಕೋಚ್ ತಲೆ ಆಡಿಸಿದ. ಚೀಟಿ ಗೋಡೆಯಿಂದ ಕೆಳಗೆ ಬಂತು, ಈ ಸಲ ತಂಡದ ಪಟ್ಟಿಗೆ.

ಸ್ಟ್ರಾಮ್ ಹುಡುಗನಿಗೆ ಫೋನ್ ಮಾಡಿ ಶುಭ ಹೇಳಿದ. ಆಚೆ ಕಡೆ ಹೆಂಗಸರ ಕಿರುಚಾಟ, ಅಳು, ಯಾರೋ ದೇವರಿಗೆ ಕೂಗಿ ಕೂಗಿ ವಂದಿಸುವುದು ಕೇಳಿಸುತ್ತಿತ್ತು. ಆಮೇಲೆ ಸ್ಟ್ರಾಮ್ ಫೋನನ್ನು ನೋಲನ್‌ನ ಕೈಗಿಟ್ಟು ತಾನು ಆಚೆ ಹೋದ. ಹುಡುಗನನ್ನು ಹುಡುಕಿದ ಸ್ಕೌಟು ಮಾತಾಡುವುದು ವಾಡಿಕೆ.

"ಸರ್! ನೀವಾ! ನಿಮ್ಮ ಉಪಕಾರ ನಾನು—"

"ತಡಿ ಮಗಾ. ಮೊದ್ಲು ಕೇಳು. ಅಲ್ಲಿಂದ ಸ್ವಲ್ಪ ಈಚೆ ಬಾ."

ಬಾಗಿಲು ಮುಚ್ಚಿದ ಸದ್ದಾಯಿತು. ಗದ್ದಲ ದೂರವಾಯಿತು.

"ಅಕ್ಟೋಬರಲ್ಲಿ ನಿನ್ನನ್ನ ಮೈಗಳ್ಳ ಅಂತ ಬರೆದವನು ನಾನು. ಊರಿಗೆಲ್ಲ ಹೇಳಿದವನೂ ನಾನೇ. ನೀನು ಶನಿವಾರದವರೆಗೂ ಕಾದೆ ಅಂದ್ರೆ ಅದು ನನ್ನಿಂದ. ಗುರುವಾರವೋ ಶುಕ್ರವಾರವೋ ಬರಬೇಕಾಗಿದ್ದ ಹೆಸರು ನಿಂದು. ತಪ್ಪಾಯ್ತು ಕಣೋ."

ನೋಲನ್ ಬೈಗುಳಕ್ಕೆ ಸಿದ್ಧನಾಗಿದ್ದ.

"ಒಂದು ತಂಡದವ್ರು ನನ್ನ ಮುಖಕ್ಕೇ ಕೇಳಿದ್ರು ಸರ್, ನೀನು ಸೋಮಾರಿಯಂತೆ ಅಂತ. ಅಮ್ಮ ಪಕ್ಕದಲ್ಲೇ ಇದ್ರು. ಮನೆಗೆ ಬಂದು ಅತ್ರು. ಎರಡು ಕೆಲಸ ಮಾಡಿ ಸಾಕಿದ್ದು ಸೋಮಾರಿನಾ ಅಂತ. ಯಾರು ಹೇಳಿದ್ದು ಅಂತ ಗೊತ್ತಾಗಬಾರದಪ್ಪಾ ಅಂದ್ಕೊಂಡಿದ್ದೆ. ಗೊತ್ತಾದ್ರೆ ಜೀವಮಾನವಿಡೀ ಅವನನ್ನ ಬಯ್ತೀನಿ ಅಂತ."

"ಬಯ್ಯಿ. ನಂಗೆ ಅದು ಸಲ್ಲಬೇಕಾದ್ದೇ."

"ಈಗ ಆಗ್ತಿಲ್ಲ ಸರ್. ನೀವೇ ಹೇಳ್ಬಿಟ್ರಲ್ಲ." ಅವನು ಮೂಗು ಒರೆಸಿಕೊಂಡ ಸದ್ದು. "ಅಮ್ಮಂಗೂ ನೀವೇ ಹೇಳ್ತೀರಾ? ನಾನು ಹೇಳೋದಕ್ಕಿಂತ ನಿಮ್ಮ ಬಾಯಲ್ಲಿ ಕೇಳಿದ್ರೆ ಅವ್ರಿಗೆ ಸಮಾಧಾನ ಆಗತ್ತೆ."

"ಹೇಳ್ತೀನಿ. ಕೊಡು."

"ಕೊಡ್ತೀನಿ ಸರ್. ಅದಕ್ ಮುಂಚೆ ಒಂದ್ ಮಾತು. ಬೇಸಿಗೆ ಶಿಬಿರದಲ್ಲಿ ನೀವಿರ್ತೀರಲ್ಲ? ನಾನು ಓಡೋದನ್ನ ನೀವು ನೋಡ್ಲೇಬೇಕು."

ನೋಲನ್ ಖಾಲಿಯಾಗುತ್ತಿದ್ದ ಕೋಣೆಯನ್ನು ನೋಡಿದ. ಇದು ಹುಡುಗನ ದಿನ, ಅವನ ತಲೆಯ ಮೇಲೆ ತನ್ನ ಕೆಲಸ ಹೋದ ಭಾರ ಹೊರಿಸುವುದು ಬೇಡವೆನಿಸಿತು.

"ಇಲ್ಲ ಮಗಾ. ಸುತ್ತಿ ಸುತ್ತಿ ಸಾಕಾಯ್ತು. ನಾನೇ ಬಿಡ್ತೀನಿ ಅಂತ ಹೇಳ್ದೆ," ಅಂದ. "ಫೋನ್ ಅಮ್ಮನ ಕೈಗೆ ಕೊಡು."